ತಪ್ಪೆಲ್ಲ ಮರದ್ದೇ

ಬೆಂಗಳೂರಿನಲ್ಲಿ ಮುಂಗಾರುಪೂರ್ವದ ಬಿರುಮಳೆಗೆ ಗುಲ್‌ಮೊಹರ್ ಮರವೊಂದು ಕಾರಿನ ಮೇಲೆ ಒರಗಿತೆಂದರೆ, ತಪ್ಪು ಯಾರದೆಂದು ಹುಡುಕುವ ಶ್ರಮ ಆಡಳಿತಕ್ಕೆ ಉಳಿಯುವುದಿಲ್ಲ. ತಪ್ಪು ಮರದ್ದೇ. ಅದರ ಮೂಲ ಮಡಗಾಸ್ಕರ್, ಬೇರು ಮೇಲುಮೇಲೆ ಹರಡುವಂಥದ್ದು, ಕೊಂಬೆ ಗಾಳಿಗೆ ಲಟಕ್ಕನೆ ಮುರಿಯುವಂಥದ್ದು. ಪಕ್ಕದ ಮಳೆಮರವೂ ಅಮೆರಿಕ ಖಂಡದಿಂದ ಬಂದದ್ದಾದ್ದರಿಂದ ‘ಸಮಸ್ಯಾತ್ಮಕ ಮರಗಳ ಬದಲಾವಣೆ’ಯ ಕಡತಕ್ಕೆ ಅದನ್ನೂ ಸೇರಿಸಲಾಗುತ್ತದೆ. ವರ್ಷವಿಡೀ ಒಂದಲ್ಲ ಒಂದು ರಸ್ತೆ ಹೂಬಿಟ್ಟಿರಲೆಂದು ಬೇರೆ ಬೇರೆ ಋತುವಿನಲ್ಲಿ ಅರಳುವ ಮರಗಳನ್ನು ಈ ಊರಿಗೆ ಒಗ್ಗಿಸಿದ ಲಾಲ್‌ಬಾಗಿನ ಜರ್ಮನ್ ತೋಟಗಾರಿಕಾ ತಜ್ಞ ಕೃಂಬಿಗಲ್ ಅವರು 1956ರಲ್ಲಿಯೇ ತೀರಿಕೊಂಡದ್ದು ಒಳ್ಳೆಯದಾಯಿತು; ಇಲ್ಲವಾದರೆ ಕಾರಣ ಕೇಳಿ ಅವರಿಗೂ ನೋಟಿಸು ಹೋಗುತ್ತಿತ್ತು.

ಬಿದ್ದ ಮರದ ಬುಡವನ್ನು ಬಗ್ಗಿ ನೋಡುವ ಅಸಭ್ಯತೆಯನ್ನು ಮಾತ್ರ ಯಾರೂ ತೋರಬಾರದು. ನೋಡಿದರೆ, ಚರಂಡಿಯ ಕಡೆಯ ದಪ್ಪ ಬೇರುಗಳು ಎಂದೋ ಜೆಸಿಬಿಯ ಹಲ್ಲಿಗೆ ಸಿಕ್ಕಿ ಮೊಟಕಾಗಿರುವುದೂ, ಆ ಗಾಯ ಕಪ್ಪಗೆ ಕೊಳೆತಿರುವುದೂ, ಇನ್ನೊಂದು ಕಡೆ ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್ ಮೆತ್ತಿ ಅದರ ಮೇಲೆ ಟೈಲ್ಸ್ ಕೂರಿಸಿರುವುದೂ ಕಂಡೀತು. ಮರದ ಸುತ್ತ ಒಂದು ಮೀಟರ್ ಜಾಗವನ್ನು ಕಾಂಕ್ರೀಟಿನಿಂದ ಮುಕ್ತವಾಗಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಹೇಳಿದ್ದು ದೆಹಲಿಯ ಮರಗಳ ಬಗ್ಗೆ. ಬೆಂಗಳೂರಿನ ಮರಗಳೂ ಉಸಿರಾಡುತ್ತವೆಯೆಂದು ನಮಗಿನ್ನೂ ಯಾರೂ ಲಿಖಿತವಾಗಿ ತಿಳಿಸಿಲ್ಲ. ನೀರಿನವರು ಒಮ್ಮೆ, ಕೇಬಲ್‌ನವರು ಒಮ್ಮೆ, ರಸ್ತೆಗೆ ಕಾಂಕ್ರೀಟ್ ಹೊದಿಸುವ ವೈಟ್ ಟಾಪಿಂಗ್‌ನವರು ಮತ್ತೊಮ್ಮೆ ಅಗೆದದ್ದು ಅಭಿವೃದ್ಧಿ. ತಂತಿಗೆ ತಾಗದಂತೆ ಒಂದೇ ಮಗ್ಗುಲಿನ ಕೊಂಬೆಗಳನ್ನು ಬೋಳಿಸಿದ್ದು ಸುರಕ್ಷತೆ. ಅದಾದ ಮೇಲೆ ಮರ ಇನ್ನೊಂದು ಮಗ್ಗುಲಿಗೆ ವಾಲಿತಲ್ಲ, ಅದು ಮರದ ಸ್ವಭಾವದೋಷ.

ಗುಲ್‌ಮೊಹರ್ ಇಕ್ಕಟ್ಟಾದ ರಸ್ತೆಗೆ ತಕ್ಕ ಮರವಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಟೊಳ್ಳಾದ ಮರವನ್ನು ತೆಗೆಯಲೇಬೇಕು. ಆದರೆ ಟೊಳ್ಳು ಯಾವುದು, ಗಟ್ಟಿ ಯಾವುದು ಎಂದು ಒಂದೊಂದಾಗಿ ಪರೀಕ್ಷಿಸುವುದಕ್ಕಿಂತ ಇಡೀ ಸಾಲನ್ನೇ ಎತ್ತಂಗಡಿ ಮಾಡುವುದು ಸಲೀಸು. ಅಡ್ಡಿಯಿರುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೊಂದೇ. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ವೃಕ್ಷ ಅಧಿಕಾರಿ ಜನರ ಆಕ್ಷೇಪಣೆ ಕೇಳಬೇಕೆಂದು ಅದು ಹೇಳುತ್ತದೆ. 120 ಮರಗಳಿರುವ ರಸ್ತೆಯನ್ನು ತಲಾ 40ರ ಮೂರು ಹಂತಗಳಾಗಿ ನೋಡಬಲ್ಲ ದೂರದೃಷ್ಟಿ ಎಂಜಿನಿಯರ್‌ಗೆ ಇದ್ದರೆ ಆ ಅಡ್ಡಿಯೂ ಇರದು.

ಇನ್ನು ಬದಲಿ ಗಿಡ. ಹೊಂಗೆ, ಬೇವು, ನೇರಳೆ, ಹೊಳೆದಾಸವಾಳ ಎಲ್ಲವೂ ದೇಶಿಯೇ, ಆಯ್ಕೆಯಲ್ಲಿ ಹುಳುಕು ತೆಗೆಯುವಂತಿಲ್ಲ. ಜೂನ್ 5ರಂದು ಪರಿಸರ ದಿನಾಚರಣೆಯ ಹಾರತುರಾಯಿಗಳ ನಡುವೆ, ಟೈಲ್ಸ್ ಕಿತ್ತು ತೆಗೆದ ಒಂದಡಿ ಚೌಕದಲ್ಲಿ, ಕಟ್ಟಡದ ಇಟ್ಟಿಗೆಚೂರಿನ ಮೇಲೆ ಎರಡು ಹಿಡಿ ಕೆಮ್ಮಣ್ಣು ಹಾಕಿ ಹೊಂಗೆಸಸಿಯನ್ನು ನಿಲ್ಲಿಸುತ್ತಾರೆ. ಮೇಲೆ ಅದೇ ವಿದ್ಯುತ್ ತಂತಿ, ಕೆಳಗೆ ಅದೇ ಕೇಬಲ್, ಸುತ್ತ ಕಬ್ಬಿಣದ ಬೇಲಿ. ಬೇಲಿಗೆ ಬಿಗಿದ ಫಲಕದಲ್ಲಿ ಗಣ್ಯರ ಹೆಸರುಗಳು ಎಷ್ಟಿರುತ್ತವೆಂದರೆ ಗಿಡಕ್ಕೆ ಅಷ್ಟು ಎಲೆಗಳಿರುವುದಿಲ್ಲ.

ಆದ್ದರಿಂದ ನನ್ನದೊಂದು ವಿನಮ್ರ ಸಲಹೆಯಿದೆ. ಸಸಿ ನೆಡುವ ದಿನವೇ ಅದನ್ನು ಕಡಿಯುವ ಅರ್ಜಿಯನ್ನೂ ಭರ್ತಿ ಮಾಡಿ ಕಡತಕ್ಕೆ ಲಗತ್ತಿಸಲಿ. ಕಾರಣದ ಕಾಲಂನಲ್ಲಿ ‘ಬೇರು ಆಳಕ್ಕಿಳಿದಿಲ್ಲ, ತಂತಿಗೆ ತಾಗುತ್ತದೆ, ರಸ್ತೆಗೆ ವಾಲಿದೆ’ ಎಂದು ಈಗಲೇ ಬರೆದುಬಿಡಬಹುದು. ದಿನಾಂಕವನ್ನಷ್ಟೇ ಖಾಲಿ ಬಿಟ್ಟರೆ ಸಾಕು.