ಜಾಹೀರಾತಿನ ಗಂಟಲು ಅಳೆಯೋರು ಯಾರ್ರೀ?

ವಿಜಯಪುರದ ಗೋಲಗುಮ್ಮಟದ ಗ್ಯಾಲರಿಯಲ್ಲಿ ಒಬ್ಬ ಗೋಡೆಗೆ ಪಿಸುಗುಟ್ಟಿದರೆ ಎದುರು ದಿಕ್ಕಿನವನಿಗೆ ಕೇಳಿಸುತ್ತದೆ. ಆದಿಲ್‌ಶಾಹಿ ಕಾಲದ ಕಟ್ಟಡ, ಕರೆಂಟೂ ಇಲ್ಲ, ಸ್ಪೀಕರೂ ಇಲ್ಲ. ಅಲ್ಲಿಂದ ಇಳಿದು ಊರಿನ ಯಾವ ಮನೆಗಾದರೂ ಹೋಗಿ. ಧಾರಾವಾಹಿಯ ಸೊಸೆ ಏನೆಂದಳೆಂದು ತಿಳಿಯಲು ವಾಲ್ಯೂಮ್ 28 ಬೇಕು. ಅವಳ ಕಣ್ಣೀರು ಒಣಗುವ ಮೊದಲೇ ಬೋರ್‌ವೆಲ್ ಪಂಪಿನವನು ಅದೇ 28ರಲ್ಲಿ ನುಗ್ಗಿ ಓಣಿಗೆಲ್ಲ ನೀರು ಹರಿಸುತ್ತಾನೆ. "ಆವಾಜ ಕಡಿಮಿ ಮಾಡೋ ತಮ್ಮಾ" ಎಂದು ಅಡುಗೆಮನೆಯಿಂದ ಆಯಿ ಕೂಗಿದ್ದು ಮಾತ್ರ ಯಾರಿಗೂ ಕೇಳಿಸುವುದಿಲ್ಲ.

ಇದನ್ನು ತಡೆಯಲು ಕಾನೂನು ಇದೆ. ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳು, 1994, ಏಳನೇ ನಿಯಮ: ಜಾಹೀರಾತಿನ ಚಿತ್ರವಾಗಲಿ ಧ್ವನಿಯಾಗಲಿ ಅತಿ ಜೋರಾಗಿರಬಾರದು. (ಜೋರಾದ ಚಿತ್ರ ಯಾವುದೆಂದು ಆಷಾಢದ ಸೀರೆ ಸೇಲ್ ನೋಡಿದವರಿಗೆ ಗೊತ್ತು.) ಎಷ್ಟಾದರೆ ಅತಿ? ಅಂಕಿ ಇಲ್ಲ. ಯಾವ ಮೀಟರಿನಲ್ಲಿ ಅಳೆಯಬೇಕು? ಅದೂ ಇಲ್ಲ. ಓಣಿಯ ಗದ್ದಲಕ್ಕಾದರೆ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಲೆಕ್ಕವಿದೆ: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಪಡಸಾಲೆಯ ಗದ್ದಲವನ್ನು ಅಧಿಕಾರಿಗಳ ಕಿವಿಗೇ ಬಿಟ್ಟಿದ್ದಾರೆ. ಆ ಅಧಿಕಾರಿಗಳಲ್ಲಿ ಜಿಲ್ಲಾಧಿಕಾರಿಗಳೇ ಮೊದಲಿಗರು. ಆಲಮಟ್ಟಿಯ ನೀರು, ತೊಗರಿಯ ಬೆಳೆಹಾನಿ ಮುಗಿಸಿ ರಾತ್ರಿ ಡಿಸಿ ಸಾಹೇಬರು ರಿಮೋಟ್ ಹಿಡಿದು ಕೂಡಬೇಕು.

ಜಾಹೀರಾತಿನವರನ್ನು ಕೇಳಿದರೆ, ನಮ್ಮ ಪೀಕ್ (ಧ್ವನಿ ಮುಟ್ಟುವ ಅತಿ ಎತ್ತರದ ತುದಿ) ಧಾರಾವಾಹಿಯ ಪೀಕಿಗಿಂತ ಕೂದಲೆಳೆಯಷ್ಟೂ ಹೆಚ್ಚಿಲ್ಲ ಎನ್ನುತ್ತಾರೆ. ಪೂರಾ ನಿಜ. ಡಿಜಿಟಲ್ ಧ್ವನಿಗೆ ಸೊನ್ನೆ ಡೆಸಿಬಲ್ ಎಂಬ ಮಾಳಿಗೆ ಇದೆ, ಅದನ್ನು ದಾಟಿ ಯಾರೂ ಹೋಗಲಾರರು. ಧಾರಾವಾಹಿಯಲ್ಲಿ ಗುಡುಗು, ಕಪಾಳಮೋಕ್ಷ ಮಾತ್ರ ಮಾಳಿಗೆ ಮುಟ್ಟುತ್ತವೆ, ಮಾತೆಲ್ಲ ಕೆಳಗೆ. ಜಾಹೀರಾತನ್ನು, ಜೋರು-ಮೆಲ್ಲಗಿನ ಅಂತರ ತಗ್ಗಿಸುವ ಕಂಪ್ರೆಸರಿನಲ್ಲಿ ಹಿಂಡಿ, ತುದಿಗಳನ್ನು ಕತ್ತರಿಸುವ ಲಿಮಿಟರಿನಲ್ಲಿ ತಲೆ ಸವರಿ, ಉಸಿರಾಟವನ್ನೂ ಮಾಳಿಗೆಗೆ ಏರಿಸುತ್ತಾರೆ. ಮೇಲಿಂದ ಧ್ವನಿಯ ತೀಕ್ಷ್ಣ ಸ್ವರದ, 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು ಉಬ್ಬಿಸುತ್ತಾರೆ; ಮನುಷ್ಯನ ಕಿವಿ ಚುರುಕಾಗಿರುವುದೇ ಅಲ್ಲಿ. ಒಟ್ಟು ಮಟ್ಟ 10 ಡೆಸಿಬಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ದುಪ್ಪಟ್ಟು. ಪೀಕ್ ಮೀಟರಿನ ಮುಳ್ಳು ಮಾತ್ರ ಸಭ್ಯವಾಗಿ ಇದ್ದಲ್ಲೇ ಇರುತ್ತದೆ.

ಹೀಗಾಗಿಯೇ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ, ಕಿವಿಗೆ ಕೇಳುವ ಜೋರನ್ನೇ ಅಳೆಯುವ ಬಿಎಸ್ 1770 ವಿಧಾನ ತಂದಿತು. ಯುರೋಪಿನ ಪ್ರಸಾರಕರು ಆ ಅಳತೆಯಲ್ಲಿ ಸರಾಸರಿ ಜೋರು ಮೈನಸ್ 23, ಅಂದರೆ ಮಾಳಿಗೆಯಿಂದ ಅಷ್ಟು ಡೆಸಿಬಲ್ ಕೆಳಗೆ, ಎಂದು ಗೆರೆ ಎಳೆದರು. ಅಮೆರಿಕ 2010ರಲ್ಲಿ ಜಾಹೀರಾತಿನ ಗದ್ದಲ ತಗ್ಗಿಸುವ 'ಕಾಮ್' (CALM) ಕಾಯ್ದೆ ಮಾಡಿ, 2012ರ ಡಿಸೆಂಬರಿನಿಂದ ಜಾರಿಗೊಳಿಸಿತು. ಅಲ್ಲಿನ ಗೆರೆ ಮೈನಸ್ 24. ಅಲ್ಲೂ ಜಾಣರಿದ್ದಾರೆ: ಮೊದಲ 20 ಸೆಕೆಂಡು ಮೆಲುದನಿ, ಕೊನೆಯ 10 ಕಿರುಚಾಟ, ಸರಾಸರಿಯಲ್ಲಿ ಪಾಸು. ಪೂರಾ ಮೌನವನ್ನು ಈಗಿನ ಮೀಟರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಅರೆಮೌನ.

ನಮ್ಮ ದೂರಸಂಪರ್ಕ ನಿಯಂತ್ರಕ ಟ್ರಾಯ್ 2012ರಲ್ಲಿ ಬರೆದಿತ್ತು, ಜಾಹೀರಾತಿನ ಧ್ವನಿ ಕಾರ್ಯಕ್ರಮದ ಧ್ವನಿಗಿಂತ ಹೆಚ್ಚಿರಬಾರದು ಎಂದು. ಸುದ್ದಿ ವಾಹಿನಿಗಳು ಇಂಥದನ್ನು ಸುಲಭವಾಗಿ ಪಾಲಿಸಬಲ್ಲವು. ಒಂಬತ್ತರ ಚರ್ಚೆಯಲ್ಲಿ ಆರು ಮಂದಿ ಒಟ್ಟಿಗೆ ಕೂಗಿದ ಮೇಲೆ ತಗಡಿನ ಶೀಟಿನ ಜಾಹೀರಾತು ಜೋಗುಳದಂತಿರುತ್ತದೆ.

ಟಿವಿಯ ಸೌಂಡ್ ಮೆನುವಿನಲ್ಲಿ 'ಆಟೊ ವಾಲ್ಯೂಮ್' ಇದ್ದರೆ ಆನ್ ಮಾಡಿ. ಜಾಹೀರಾತು ತಗ್ಗುತ್ತದೆ, ಆದರೆ ಅದು ಮುಗಿದ ಮೇಲೆ ಧ್ವನಿ ಮರಳಿ ಏರಲು ತುಸು ಹೊತ್ತು ಬೇಕು, ಅಷ್ಟರಲ್ಲಿ ಸೊಸೆಯ ಮೊದಲ ಮಾತು ನುಂಗಿಹೋಗಿರುತ್ತದೆ.

ದೂರು ಕೊಡುವುದಾದರೆ ವಾಹಿನಿ, ದಿನಾಂಕ, ಸಮಯ, ಜಾಹೀರಾತಿನ ಹೆಸರು ಬರೆದಿಡಿ. ಸಾಕ್ಷಿಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗ ಮಾತ್ರ ಎಚ್ಚರ. ಬಹಳಷ್ಟು ಫೋನುಗಳು ಮೆಲ್ಲಗಿನದನ್ನು ತಾವೇ ಎತ್ತಿ, ಜೋರಿನದನ್ನು ತಗ್ಗಿಸಿ ಹಿಡಿಯುತ್ತವೆ. ಸಾಹೇಬರ ಮೇಜಿನ ಮೇಲೆ ಹಚ್ಚಿದಾಗ ಧಾರಾವಾಹಿಯೂ ಜಾಹೀರಾತೂ ಸಮಸಮ. "ಎಲ್ಲಾ ಬರೋಬರಿ ಐತಲ್ರೀ," ಎಂದು ಗುಮಾಸ್ತರು ಫೈಲು ಮುಚ್ಚುತ್ತಾರೆ.