ಕಕ್ಕಡದ ಅತಿಥಿ

ಲಾಡ್ಜಿಗೆ ಹೋದವನಿಗೆ ಕೋಣೆಯ ಕೀಲಿಕೈ ಸಿಗುತ್ತದೆ. ಮನೆಮಂದಿಯೇ ನಡೆಸುವ ಹೋಂಸ್ಟೇಗೆ ಹೋದವನಿಗೆ ಒಬ್ಬ ಅಜ್ಜಿ, ಒಬ್ಬ ಯಜಮಾನ, ಒಬ್ಬ ಯಜಮಾನಿ, ಅವರೆಲ್ಲರ ಅಭಿಪ್ರಾಯಗಳು ಮತ್ತು ಒಂದು ನಾಯಿ ಸಿಗುತ್ತವೆ. ಕೀಲಿಕೈ ಮಾತ್ರ ಸಿಗುವುದಿಲ್ಲ. ಮಡಿಕೇರಿಯಲ್ಲಿ ನಾನು ಉಳಿದುಕೊಂಡಿದ್ದ ಮನೆಯಲ್ಲಿ ಬಾಗಿಲಿಗೆ ಬೀಗವೇನೋ ಇತ್ತು, ಆದರೆ ಅದರ ಕೀಲಿ ಯಜಮಾನರ ತಂದೆಯ ಕಾಲದಲ್ಲೇ ಕಾಫಿ ತೋಟದಲ್ಲೆಲ್ಲೋ ಬಿದ್ದುಹೋಗಿತ್ತಂತೆ. "ಈ ಮನೆಗೆ ಕಳ್ಳರು ಬರುವುದಿಲ್ಲ" ಎಂದು ಯಜಮಾನರು ಕೋಣೆಯ ಗೋಡೆಗೆ ತೂಗುಹಾಕಿದ್ದ ಕೋವಿಯತ್ತ ಒಮ್ಮೆ ನೋಡಿ ಹೇಳಿದರು. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲವೆಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ ಎಂಬುದನ್ನು ನಾನು ಓದಿ ತಿಳಿದಿದ್ದೆ. ಓದಿ ತಿಳಿಯುವುದು ಬೇರೆ, ಅದರ ಕೆಳಗೇ ತಲೆದಿಂಬು ಹಾಕಿಕೊಂಡು ಮಲಗುವುದು ಬೇರೆ.

ಯಜಮಾನರು ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾದವರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ದೇಶಕ್ಕೆ ಕೊಟ್ಟ ಜಿಲ್ಲೆಯಲ್ಲಿ ನಿವೃತ್ತ ಸೈನಿಕರಿಗೆ ಬರವಿಲ್ಲವೆಂಬುದು ಗೊತ್ತಿದ್ದರೂ, ಅವರಲ್ಲೊಬ್ಬರ ಕೈಕೆಳಗೆ ರಜೆ ಕಳೆಯಬೇಕಾಗುತ್ತದೆ ಎಂದು ನಾನು ಊಹಿಸಿರಲಿಲ್ಲ. ಅಲ್ಲಿ ಬೆಳಗಿನ ಕಾಫಿ ಆರಕ್ಕೆ, ಸ್ನಾನ ಆರೂವರೆಗೆ, ತಿಂಡಿ ಏಳೂವರೆಗೆ. ಇದು ಎಲ್ಲಿಯೂ ಬರೆದು ಅಂಟಿಸಿದ ನಿಯಮವಲ್ಲ. ಆದರೆ ಹಿತ್ತಲಿನ ಬಚ್ಚಲುಮನೆಯಲ್ಲಿ ಸೌದೆ ಒಲೆಯ ಮೇಲಿನ ಹಂಡೆಯನ್ನು ಅಜ್ಜಿ ಆರೂವರೆಗೆ ಕಾಯಿಸಿಟ್ಟು, ನನ್ನ ಕಿಟಕಿಯ ಹೊರಗೆ ನಿಂತು, "ನೀರು ಕಾದಿದೆ" ಎಂದು ಊರಿಗೆಲ್ಲ ಕೇಳುವಂತೆ ಸಾರಿದ ಮೇಲೆ, ಇನ್ನೂ ಹತ್ತು ನಿಮಿಷ ಹೊದ್ದು ಮಲಗುವ ಧೈರ್ಯ ಯಾವ ನಾಗರಿಕನಿಗೂ ಇರಲಾರದು. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಊರಿನಲ್ಲಿ, ಅದೂ ಜುಲೈ-ಆಗಸ್ಟ್ ನಡುವೆ ಬರುವ ಕೊಡವರ ಕಕ್ಕಡ ಮಾಸದ ಮಳೆಯಲ್ಲಿ, ಬಿಸಿನೀರನ್ನು ಆರಲು ಬಿಡುವುದು ಅಪರಾಧವೆಂಬುದನ್ನು ನಾನೂ ಒಪ್ಪುತ್ತೇನೆ.

ಈ ಕಾಲದಲ್ಲಿ ಏಕೆ ಬಂದಿರಿ ಎಂದು ಮೊದಲ ದಿನವೇ ಅಜ್ಜಿ ಕೇಳಿದ್ದರು. ಮಳೆ ನೋಡಲು ಎಂದೆ. ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಒಳಗೆ ಹೋಗಿ, ಸೊಸೆಗೆ ಏನೋ ಹೇಳಿದರು. ಸೊಸೆ ಇಣುಕಿ ನನ್ನನ್ನು ನೋಡಿದರು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯನ್ನು ಬಿಟ್ಟಿಯಾಗಿ ಹೊತ್ತುಕೊಂಡು ಬದುಕುವವರಿಗೆ, ಅದನ್ನು ದುಡ್ಡು ಕೊಟ್ಟು ನೋಡಲು ಬಂದವನ ಆರೋಗ್ಯದ ಬಗ್ಗೆ ಸಂಶಯ ಹುಟ್ಟಿದ್ದು ಸಹಜವೇ. ಅಂದಿನಿಂದ ನನ್ನೊಂದಿಗೆ ಮಾತನಾಡುವಾಗ ಅಜ್ಜಿ ಸ್ವಲ್ಪ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತನಾಡುತ್ತಿದ್ದರು.

ಮಳೆಯೂ ನನ್ನನ್ನು ನೋಡಲು ಅಷ್ಟೇ ಉತ್ಸುಕವಾಗಿತ್ತು. ಕುಶಾಲನಗರದವರೆಗೂ ಎಳೆಬಿಸಿಲಿದ್ದುದರಿಂದ ಸಾಮಾನನ್ನೆಲ್ಲ ಬಸ್ಸಿನ ಮೇಲುಹಲಗೆಗೆ ಏರಿಸಿ ಹಾಯಾಗಿದ್ದೆ. ಅಲ್ಲಿಂದಾಚೆಗೆ ಸುಮಾರು ಮೂವತ್ತು ಕಿಲೋಮೀಟರ್ ಏರು ಹತ್ತುವಷ್ಟರಲ್ಲಿ ಆಕಾಶ ಬದಲಾಗಿ, ಬಸ್ ನಿಲ್ದಾಣದಿಂದ ಮನೆಯ ಗೇಟು ತಲುಪುವುದರೊಳಗೆ ಬೆಂಗಳೂರಿನ ಕೊಡೆ ತಿರುಗಿ ಕಡ್ಡಿ ಮುರಿದುಕೊಂಡಿತು. ಯಜಮಾನಿ ನನ್ನ ಸ್ಥಿತಿ ನೋಡಿ ಒಂದೂ ಮಾತಾಡದೆ ಒದ್ದೆ ಬಟ್ಟೆಗಳನ್ನೂ ಚೀಲದೊಳಗೆ ತೊಯ್ದಿದ್ದ ಉಳಿದ ಬಟ್ಟೆಗಳನ್ನೂ ತೆಗೆದುಕೊಂಡು ಹೋದರು. ಮಲೆಯ ಮಳೆಗಾಲದಲ್ಲಿ ಹಗ್ಗದ ಮೇಲೆ ಬಟ್ಟೆ ಒಣಗುವುದೆಂಬುದು ಬರೀ ಆಸೆ; ಒಣಗಬೇಕಾದದ್ದೆಲ್ಲ ಅಡುಗೆಮನೆಯ ಒಲೆಯ ಮೇಲಕ್ಕೆ ಹೋಗಬೇಕು. ಬೆಳಿಗ್ಗೆ ಗರಿಗರಿಯಾಗಿ ಮಡಿಸಿಟ್ಟ ಪ್ಯಾಂಟು ಶರ್ಟು ಸಿಕ್ಕಿದಾಗ ನಾನು ಕೃತಜ್ಞತೆಯಿಂದ ಕರಗಿಹೋದೆ. ಅದೇ ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲಕ್ಕೆಂದು ಹಂದಿಮಾಂಸವನ್ನು ಹೊಗೆಗೆ ಕಟ್ಟಿ ಒಣಗಿಸುತ್ತಾರೆಂಬ ಮಾಹಿತಿ ಆಮೇಲೆ ಬಂತು. ನಾನು ಹುಟ್ಟಿದಾರಭ್ಯ ಸಸ್ಯಾಹಾರಿ. ನನ್ನ ಪ್ಯಾಂಟು ಮಾತ್ರ ಅಂದಿನಿಂದ ಅಲ್ಲ.

ಇದು ಬೆಳಕಿಗೆ ಬಂದದ್ದು ಶುಕ್ರವಾರದ ಸಂತೆಯಲ್ಲಿ. ಗೋಣಿಕೊಪ್ಪದ ಸಂತೆ ಭಾನುವಾರ, ಸೋಮವಾರಪೇಟೆಯದು ಸೋಮವಾರ, ಮಡಿಕೇರಿಯದು ಶುಕ್ರವಾರ. ಯಜಮಾನಿ ಚೀಲ ಹಿಡಿದು ಹೊರಟವರು, ಅತಿಥಿ ಸುಮ್ಮನೆ ಕೂತಿದ್ದಾರಲ್ಲ ಎಂಬ ಕಾಳಜಿಯಿಂದ, ಎರಡು ಚೀಲ ನನ್ನ ಕೈಗೂ ಕೊಟ್ಟರು. ನೀಲಿ ಪ್ಲಾಸ್ಟಿಕ್ ಹೊದಿಕೆಗಳ ಕೆಳಗೆ, ಅದರ ಹೊಟ್ಟೆಯಲ್ಲಿ ತುಂಬಿಕೊಂಡ ನೀರನ್ನು ಕೋಲಿನಿಂದ ಎತ್ತಿ ಎತ್ತಿ ಗಿರಾಕಿಗಳ ಬೆನ್ನಿಗೆ ಸುರಿಯುತ್ತಾ, ಮಾರುವವರು ಕೂಗುತ್ತಿದ್ದರು: ಕೆಸುವಿನ ಎಲೆ, ಮಣ್ಣು ಮೆತ್ತಿಕೊಂಡ ಅಣಬೆ, ಸಿಪ್ಪೆ ಸುಲಿದ ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ. ಹಸಿ ಕಣಿಲೆಯಲ್ಲಿ ವಿಷದ ಅಂಶವಿರುವುದರಿಂದ ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಆಮೇಲೆಯೇ ಬೇಯಿಸಬೇಕೆಂದು ಯಜಮಾನಿ ವಿವರಿಸುತ್ತಿದ್ದಾಗ, ನನ್ನ ಹಿಂದೆ ಏನೋ ಮೂಸಿದಂತಾಯಿತು. ತಿರುಗಿದರೆ ಒಂದು ನಾಯಿ. ಒಣಮೀನಿನ ಸಾಲು ದಾಟುವಷ್ಟರಲ್ಲಿ ಮೂರಾದವು. ನಿಜವಾದ ಮೀನನ್ನು ಬಿಟ್ಟು ಅವು ನನ್ನ ಮೊಣಕಾಲನ್ನು ಹಿಂಬಾಲಿಸಿದ್ದನ್ನು ಕಂಡು ಮೀನಿನವಳು ತನ್ನ ಸರಕಿನ ಬಗ್ಗೆಯೇ ಅನುಮಾನ ಬಂದವಳಂತೆ ಒಂದು ಮೀನನ್ನೆತ್ತಿ ಮೂಸಿ ನೋಡಿದಳು. "ಓಡಬೇಡಿ, ಓಡಿದರೆ ಅವೂ ಓಡುತ್ತವೆ" ಎಂದರು ಯಜಮಾನಿ. ಹೀಗಾಗಿ ನಾವು ಸಂತೆಯನ್ನು ಬಹಳ ಗಂಭೀರವಾಗಿ, ಮೆರವಣಿಗೆಯ ಗತಿಯಲ್ಲಿ ಮುಗಿಸಿದೆವು. ಕೊನೆಯಲ್ಲಿ ಕೊಂಡದ್ದು ಮದ್ದುಸೊಪ್ಪಿನ ನಾಲ್ಕು ದೊಡ್ಡ ಕಟ್ಟು. ಅವನ್ನು ಮನೆಯವರೆಗೆ ಹೊತ್ತವನು ನಾನೇ ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಮಧ್ಯಾಹ್ನ ಸುಬೇದಾರರು ನನ್ನನ್ನು ಊರು ನೋಡಲು ಕಳುಹಿಸಿದರು. ಕಳುಹಿಸಿದರು ಎಂಬ ಪದವನ್ನು ಯೋಚಿಸಿಯೇ ಬಳಸಿದ್ದೇನೆ. ತಿಮ್ಮಯ್ಯನವರು ಬಾಲ್ಯ ಕಳೆದ, ಈಗ ವಸ್ತುಸಂಗ್ರಹಾಲಯವಾಗಿರುವ 'ಸನ್ನಿ ಸೈಡ್' ಮನೆ ಮೊದಲು, ಅನಂತರ 1820ರ ಓಂಕಾರೇಶ್ವರ ದೇವಾಲಯ, ಕೊನೆಗೆ ಕೋಟೆ. ಸಂಜೆ ವಾಪಸಾದ ಮೇಲೆ ವರದಿ ಒಪ್ಪಿಸುವ ಕಾರ್ಯಕ್ರಮವಿತ್ತು. "ಕೋಟೆಯಲ್ಲಿ ಕಲ್ಲಾನೆ ಎಷ್ಟು?" ಎಂದು ಕೇಳಿದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಒಂದಾನೆಯನ್ನೂ ನಾನು ಸೊಂಡಿಲಿಗೆ ಡಿಕ್ಕಿ ಹೊಡೆದೇ ಕಂಡುಹಿಡಿದಿದ್ದೆ. ಒಂದು ಎಂದೆ. "ಎರಡು" ಎಂದರು ಸುಬೇದಾರರು. ಮರುದಿನ ತಿಂಡಿಯಾದ ಮೇಲೆ ನಾನು ಎರಡನೆಯ ಆನೆಯನ್ನು ನೋಡಿಬಂದೆ.

ಆ ಮನೆಯ ಕೋಣೆಗಳ ನಡುವಿದ್ದುದು ಗೋಡೆಯಲ್ಲ, ಹಲಗೆಯ ತಡಿಕೆ. ಅದರ ಒಂದೊಂದು ಗಂಟಿನ ತೂತಿನಿಂದಲೂ ಪಕ್ಕದ ಕೋಣೆಯ ದೀಪ ಕಾಣುತ್ತಿತ್ತು. ನಾನು ರಾತ್ರಿ ಮೇಲಧಿಕಾರಿಯೊಂದಿಗೆ ಫೋನಿನಲ್ಲಿ ಮಾತನಾಡಿದರೆ ಬೆಳಿಗ್ಗೆ ನೂಪುಟ್ಟಿನ ಜೊತೆಗೆ ಅದರ ವಿಮರ್ಶೆ ಬಡಿಸಲ್ಪಡುತ್ತಿತ್ತು. "ಅವನಿಗೆ ಅಷ್ಟೊಂದು ಸಾರ್ ಸಾರ್ ಎನ್ನಬಾರದು" ಎಂದರು, ಮೂವತ್ತು ವರ್ಷ ಸೈನ್ಯದಲ್ಲಿ ಬೇರೇನನ್ನೂ ಅಂದಿರಲಾರದ ಸುಬೇದಾರರು. ರಜೆ ಕೇಳುವ ಸರಿಯಾದ ಧಾಟಿಯನ್ನು ಯಜಮಾನಿ ತೋರಿಸಿಕೊಟ್ಟರು. ನನಗೆ ನಿದ್ದೆಯಲ್ಲಿ ಗೊರಕೆ ಬರುತ್ತದೆಂದೂ, ಎಡಮಗ್ಗುಲಿಗೆ ತಿರುಗಿದರೆ ನಿಲ್ಲುತ್ತದೆಂದೂ ಅಜ್ಜಿ ತಿಳಿಸಿದರು. ಇಷ್ಟು ವರ್ಷಗಳ ದಾಂಪತ್ಯದಲ್ಲಿ ಈ ಎರಡನೆಯ ಅಂಶವನ್ನು ನನ್ನ ಹೆಂಡತಿ ಕಂಡುಹಿಡಿದಿರಲಿಲ್ಲ.

ಎರಡನೆಯ ಆನೆಯನ್ನು ನೋಡಿಬಂದ ಆ ಶನಿವಾರವೇ ಕಕ್ಕಡ ಹದಿನೆಂಟು, ಅಂದರೆ ಆಗಸ್ಟ್ 3. ಗದ್ದೆಯಲ್ಲಿ ನಾಟಿಯ ಕೆಲಸ, ಹೊರಗೆ ಬಿಡದ ಮಳೆ, ಶುಭಕಾರ್ಯಗಳಿಗೆಲ್ಲ ರಜೆ ಇರುವ ಈ ಮಾಸದಲ್ಲಿ ಮೈಗೆ ಕಾವು ಬೇಕೆಂದು ಕೊಡಗಿನವರು ಮದ್ದು ತಿನ್ನುತ್ತಾರೆ. ಮದ್ದುಸೊಪ್ಪಿನ ಗಿಡದಲ್ಲಿ ಕಕ್ಕಡದ ಹದಿನೆಂಟನೆಯ ದಿನಕ್ಕೆ ಹದಿನೆಂಟು ಬಗೆಯ ಔಷಧ ಸೇರಿಕೊಂಡಿರುತ್ತದೆ ಎಂಬುದು ನಂಬಿಕೆ. ಸೊಪ್ಪನ್ನು ಕಾಂಡಸಮೇತ ಕುದಿಸಿದರೆ ನೀರು ನೇರಳೆಗೆ ತಿರುಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಹಾಕಿದರೆ ಪಾಯಸ, ಗಟ್ಟಿ ಮಾಡಿ ತಟ್ಟೆಗೆ ಸುರಿದರೆ ಪುಟ್ಟು. ಮೇಲೆ ತುಪ್ಪ, ಜೇನು, ತೆಂಗಿನ ತುರಿ. ಬಣ್ಣ ನೋಡಿ ಹಿಂಜರಿದವನು ಪರಿಮಳಕ್ಕೆ ಸೋತೆ. ಹೊಗೆ, ಹಂದಿ, ನಾಯಿಗಳ ನಡುವೆ ನನಗೆಂದೇ ದೊರೆತ ಶುದ್ಧ ಸಸ್ಯಾಹಾರವೆಂಬ ಹುಮ್ಮಸ್ಸಿನಲ್ಲಿ ಬೆಳಿಗ್ಗೆ ಪಾಯಸ, ಮಧ್ಯಾಹ್ನ ಪುಟ್ಟು, ಸಂಜೆ ಕಾಫಿಯ ಜೊತೆ ಮತ್ತೆ ಪುಟ್ಟು. ಹದಿನೆಂಟು ಔಷಧಗಳ ಬಗ್ಗೆ ಸುಬೇದಾರರು ಒಂದು ಸಣ್ಣ ಉಪನ್ಯಾಸವನ್ನೇ ಮಾಡಿದರು. ಹೇಳಬೇಕಾದ ಇನ್ನೊಂದು ಮಾತನ್ನು ಅವರು ಹೇಳಲಿಲ್ಲ. ನಾನು ಪ್ರತಿ ಸಲ ತಟ್ಟೆ ಚಾಚಿದಾಗಲೂ ಮನೆಯವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದುದನ್ನು ನಾನು ವಾತ್ಸಲ್ಯವೆಂದು ತಿಳಿದಿದ್ದೆ.

ರಾತ್ರಿ ಎಂಟರ ಸುಮಾರಿಗೆ ಕರೆಂಟು ಹೋಗಿತ್ತು. ಟಾರ್ಚು ಹಿಡಿದು ಹಿತ್ತಲಿಗೆ ಹೋದವನು ಅಲ್ಲಿ ಕಂಡದ್ದನ್ನು ನಂಬಲಿಲ್ಲ. ಕೆಂಪು. ದಾಳಿಂಬೆಯ ರಸದಷ್ಟು ಗಾಢವಾದ ಕೆಂಪು. ಟಾರ್ಚಿನ ಬೆಳಕಿನದೇ ದೋಷವಿರಬಹುದೆಂದು ಗೋಡೆಗೆ ಬಿಟ್ಟು ನೋಡಿದೆ. ಸುಣ್ಣದ ಗೋಡೆ ಬೆಳ್ಳಗೇ ಇತ್ತು. ಅಂಗೈಗೆ ಬಿಟ್ಟೆ, ಅಂಗೈ ಎಂದಿನಂತಿತ್ತು, ಸ್ವಲ್ಪ ನಡುಗುತ್ತಿತ್ತು ಅಷ್ಟೇ. ಮೂತ್ರಪಿಂಡಗಳು ದೇಹದಲ್ಲಿ ಎಲ್ಲಿರುತ್ತವೆಂದು ಶಾಲೆಯಲ್ಲಿ ಬರೆದಿದ್ದ ಚಿತ್ರ ನೆನಪಾಗಿ, ಅಲ್ಲಿಯೇ ನೋವು ಶುರುವಾಯಿತು. ಜಿಲ್ಲೆಯಲ್ಲಿ ರೈಲಿಲ್ಲ, ಮೈಸೂರಿಗೆ ಸುಮಾರು 120 ಕಿಲೋಮೀಟರ್, ಹೊರಗೆ ಇಂಥ ಮಳೆ. ಕೋಣೆಗೆ ಬಂದು, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, ಹೆಂಡತಿಗೆ ಫೋನು ಮಾಡಿ, ಆದಷ್ಟು ಮೆಲ್ಲಗೆ ವಿಷಯ ತಿಳಿಸಿದೆ. ಅವಳಿಗೆ ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳಿದೆ. "ಏನು ಕೆಂಪು?" ಎಂದಳು. ವಿಮೆಯ ಕಾಗದ ಬೀರುವಿನ ಎರಡನೆಯ ಖಾನೆಯಲ್ಲಿದೆ ಎಂದು ಹೇಳುತ್ತಿರುವಾಗ ತಡಿಕೆಯ ಆಚೆ ಯಾರೋ ಕೆಮ್ಮಿದರು. ಆಮೇಲೆ ಅದು ಕೆಮ್ಮಲ್ಲವೆಂದು ತಿಳಿಯಿತು. ಮೊದಲು ಯಜಮಾನಿ, ಬಳಿಕ ಅಜ್ಜಿ, ಕೊನೆಗೆ ಸುಬೇದಾರರ ಕಂಚಿನ ಕಂಠ. ಹಲಗೆಗಳು ಅದುರುವಷ್ಟು ನಗು.

ಬಾಗಿಲು ತಟ್ಟದೆಯೇ (ಬೀಗ ಹಾಕಲಾಗದ ಬಾಗಿಲನ್ನು ತಟ್ಟುವುದು ಅವರಿಗೆ ವ್ಯರ್ಥ ಶಿಷ್ಟಾಚಾರವಾಗಿ ತೋರುತ್ತಿತ್ತು) ಮೂವರೂ ಒಳಗೆ ಬಂದರು. "ಮದ್ದು ತಿಂದವರಿಗೆಲ್ಲ ಹಾಗೆಯೇ. ಆ ಸೊಪ್ಪಿನ ಬಣ್ಣ ಹಾಗೇ ಇಳಿದು ಬರುತ್ತದೆ. ನಾಳೆ ಸರಿಯಾಗುತ್ತದೆ" ಎಂದರು ಸುಬೇದಾರರು, ಕಣ್ಣೊರೆಸಿಕೊಳ್ಳುತ್ತಾ. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. ಹೊಸಬರಿಗೆ ಮೊದಲೇ ಹೇಳುವ ಪದ್ಧತಿ ಈ ಮನೆಯಲ್ಲಿಲ್ಲ, ಮದುವೆಯಾಗಿ ಬಂದ ವರ್ಷ ತನಗೂ ಯಾರೂ ಹೇಳಿರಲಿಲ್ಲವೆಂದು ಯಜಮಾನಿ ತಣ್ಣಗೆ ಉತ್ತರಿಸಿದರು. ಅಜ್ಜಿಗೆ ಇದಾವುದೂ ಮುಖ್ಯವಾಗಿರಲಿಲ್ಲ. ಅವರು ಮಂಚದ ಅಂಚಿನಲ್ಲಿ ಕುಳಿತು, ಬಣ್ಣ ತಿಳಿಯೋ ಗಾಢವೋ ಎಂದು ಬಿಡಿಸಿ ಬಿಡಿಸಿ ವಿಚಾರಿಸಿದರು. ಗಾಢವಾದಷ್ಟೂ ಮದ್ದು ಮೈಗೆ ಹಿಡಿದಿದೆ ಎಂದರ್ಥವಂತೆ. ಗಾಢ ಎಂದೆ. ಎರಡನೆಯ ಆನೆಯನ್ನು ನೋಡಿಬಂದಾಗಲೂ ಸಿಗದಿದ್ದ ಮೆಚ್ಚುಗೆ ಆ ಮನೆಯಲ್ಲಿ ನನಗೆ ಆಗ ಸಿಕ್ಕಿತು.

ಇಷ್ಟರಲ್ಲಿ ಫೋನಿನಿಂದ ಹೆಂಡತಿಯ ಕೂಗು ಕೇಳುತ್ತಲೇ ಇತ್ತು. ಅಜ್ಜಿ ಅದನ್ನು ನನ್ನ ಕೈಯಿಂದ ಇಸಿದುಕೊಂಡು, ನಾನು ಎಷ್ಟು ಪುಟ್ಟು ತಿಂದೆ, ಯಾವ ಹೊತ್ತಿನಲ್ಲಿ ತಿಂದೆ, ಫಲಿತಾಂಶದ ಬಣ್ಣ ಯಾವುದು, ಎಲ್ಲವನ್ನೂ ವಿವರವಾಗಿ ತಿಳಿಸಿದರು. ಗೊರಕೆಯ ಪರಿಹಾರವನ್ನೂ ಸೇರಿಸಿದರು. ಅತ್ತಲಿಂದ ಬಹಳ ಹೊತ್ತು ಪ್ರಶ್ನೆಗಳು ಬಂದವು. ಫೋನು ಮರಳಿ ನನ್ನ ಕೈಗೆ ಬಂದಾಗ ಅವಳ ದನಿಯಲ್ಲಿ ಗಾಬರಿಯ ಸುಳಿವೂ ಇರಲಿಲ್ಲ.

"ಬರುವಾಗ ಆ ಸೊಪ್ಪು ಎರಡು ಕಟ್ಟು ತನ್ನಿ. ನಿಮ್ಮ ಅಕ್ಕ ಭಾವ ಊಟಕ್ಕೆ ಬರುವವರಿದ್ದಾರೆ" ಎಂದಳು.

ಕಕ್ಕಡ ಹದಿನೆಂಟು ಇವತ್ತಿಗೇ ಮುಗಿಯಿತು, ನಾಳೆಯ ಸೊಪ್ಪಿನಲ್ಲಿ ಔಷಧವಿರುವುದಿಲ್ಲ, ಬಣ್ಣವಷ್ಟೇ ಉಳಿದಿರುತ್ತದೆ ಎಂದು ಅಜ್ಜಿ ಪಕ್ಕದಿಂದ ಹೇಳಿದ್ದನ್ನು ಅವಳಿಗೆ ದಾಟಿಸಿದೆ.

"ಬಣ್ಣ ಸಾಕು" ಎಂದಳು.