180 ರೂಪಾಯಿ ಚಹಾದ ಲೆಕ್ಕ

ಮಧ್ಯಾಹ್ನದಿಂದ ತಲೆ ಕಾದಿದೆ. ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ನನ್ನ ಕೆಲಸ ನಿಮಗೆ ಗೊತ್ತಲ್ವಾ? ಹಳ್ಳಿಗಳಲ್ಲಿ ಓಡಾಡುವ ಒಂದು ಸಂಸ್ಥೆಯ ಲೆಕ್ಕ ಬರೆಯುವವಳು ನಾನು. ದುಡ್ಡು ಬರುವುದು ಯುರೋಪಿನಿಂದ. ಇವತ್ತು ಆ ಕಡೆಯವರ ಜೊತೆ ಆನ್‌ಲೈನ್ ಮೀಟಿಂಗ್ ಇತ್ತು. ಮಹಿಳಾ ಸಂಘದ ಸಭೆಗೆ ತರಿಸಿದ ಚಹಾ, 180 ರೂಪಾಯಿ, ಬಿಲ್ ಇಲ್ಲ. ತಳ್ಳುಗಾಡಿಯಲ್ಲಿ ಚಹಾ ಮಾರುವವನು ಬಿಲ್ ಎಲ್ಲಿಂದ ಕೊಡುತ್ತಾನೆ? ಅದರ ಮೇಲೆ ಇಪ್ಪತ್ತು ನಿಮಿಷ ವಿಚಾರಣೆ ನಡೆಯಿತು. ಕೇಳಿದವನಿಗೆ ಇಪ್ಪತ್ತೈದರ ಆಸುಪಾಸು. ಉತ್ತರ ಕೊಟ್ಟವರು ಫೀಲ್ಡಿನಲ್ಲಿ 22 ವರ್ಷ ಕಾಲು ಸವೆಸಿದ ನಮ್ಮ ಅಕ್ಕ. ನನ್ನ ಪಕ್ಕದಲ್ಲೇ ಕೂತು "ಸಾರಿ ಸರ್, ಸಾರಿ ಸರ್" ಅನ್ನುತ್ತಿದ್ದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಲೆಕ್ಕ ಕೇಳುವವರು ಯಾವಾಗಲೂ ಅವರೇ ಯಾಕೆ? ಕೊಡುವವರು ಯಾವಾಗಲೂ ನಾವೇ ಯಾಕೆ?

ಇಂಥ ದಿನ ನನಗೆ ಕೆರಿಬಿಯನ್ ಸಮುದ್ರದ ಪುಟ್ಟ ದೇಶ ಹೈಟಿ ನೆನಪಾಗುತ್ತದೆ. 2010ರ ಭೂಕಂಪದ ಸಮಯದಲ್ಲಿ ಆ ದೇಶದ ಬಗ್ಗೆ ಓದಲು ಶುರು ಮಾಡಿದೆ, ಇನ್ನೂ ಬಿಟ್ಟಿಲ್ಲ. ಅಲ್ಲಿನ ಗುಲಾಮರು ಫ್ರಾನ್ಸ್ ವಿರುದ್ಧ ದಂಗೆಯೆದ್ದು, ಗೆದ್ದು, 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸಿನ ದೊರೆ ಯುದ್ಧದ ಹಡಗುಗಳನ್ನು ಕಳಿಸಿ 15 ಕೋಟಿ ಫ್ರಾಂಕ್ ಕೇಳಿದ. ಯಾತಕ್ಕೆ? ತೋಟದ ಮಾಲೀಕರಿಗೆ ಆದ ನಷ್ಟಕ್ಕೆ. ಆ ನಷ್ಟದಲ್ಲಿ ಗುಲಾಮರೂ ಸೇರಿದ್ದರು. ಅಂದರೆ ಮನುಷ್ಯರು ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕಾಯಿತು. ಮೊದಲ ಕಂತಿಗೇ ಫ್ರಾನ್ಸಿನ ಬ್ಯಾಂಕಿನಲ್ಲಿ ಸಾಲ ತೆಗೆದರು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಸಾಲದ ಬಾಲ ಕಳಚಿದ್ದು 1947ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ವರ್ಷ ಅದು.

2003ರಲ್ಲಿ ಹೈಟಿಯ ಅಧ್ಯಕ್ಷ ಅರಿಸ್ಟೀಡ್ ಆ ದುಡ್ಡು ವಾಪಸ್ ಕೇಳಿದರು. ಸುಮ್ನೆ ಭಾಷಣ ಮಾಡಲಿಲ್ಲ, 2168 ಕೋಟಿ ಡಾಲರ್‌ಗೂ ಜಾಸ್ತಿ ಮೊತ್ತವನ್ನು ಸೆಂಟಿನವರೆಗೆ ಲೆಕ್ಕ ಹಾಕಿ ಮುಂದಿಟ್ಟರು. ಕೊನೆಯಲ್ಲಿ 48 ಸೆಂಟ್. ಲೆಕ್ಕ ಬರೆಯುವವಳಾದ ನನಗೆ ಆ 48 ಸೆಂಟ್ ನೋಡಿ ಕಣ್ಣು ತುಂಬಿತ್ತು. ದುಡ್ಡು ಬರಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಅವರು ಅಧಿಕಾರವನ್ನೂ ದೇಶವನ್ನೂ ಬಿಡಬೇಕಾಯಿತು. 2025ರಲ್ಲಿ, ಆ ಹಡಗುಗಳು ಬಂದು 200 ವರ್ಷ ಆದ ಮೇಲೆ, ಫ್ರಾನ್ಸ್ ಇತಿಹಾಸಕಾರರ ಒಂದು ಸಮಿತಿಯನ್ನು ಘೋಷಿಸಿತು.

ಇನ್ನು ಕಾಲರಾ. ಹೈಟಿಯಲ್ಲಿ ನೂರು ವರ್ಷದಿಂದ ಇರದ ರೋಗ 2010ರ ಅಕ್ಟೋಬರಿನಲ್ಲಿ ಬಂತು. ವಿಶ್ವಸಂಸ್ಥೆಯ ಶಾಂತಿಪಾಲಕರ ಕ್ಯಾಂಪಿನ ಮಲದ ನೀರು ಹಳ್ಳಕ್ಕೆ ಬಿದ್ದು ಆರ್ಟಿಬೊನೀಟ್ ನದಿ ಸೇರಿತ್ತು. ಸುಮಾರು 10 ಸಾವಿರ ಜನ ಸತ್ತರು. ಪರಿಹಾರ ಕೇಳಿದವರಿಗೆ 2013ರಲ್ಲಿ ವಿಶ್ವಸಂಸ್ಥೆ ಕೊಟ್ಟ ಉತ್ತರ, ನಿಮ್ಮ ಅರ್ಜಿ 'ನಾಟ್ ರಿಸೀವಬಲ್'. ನಮ್ಮ ಪುಸ್ತಕದಲ್ಲಿ ರಿಸೀವಬಲ್ ಅಂದರೆ ನಮಗೆ ಬರಬೇಕಾದ ಬಾಕಿ. ಅಲ್ಲಿ ಅದರ ಅರ್ಥ, ನಿಮ್ಮ ದೂರನ್ನು ನಾವು ಕೈಗೇ ತೆಗೆದುಕೊಳ್ಳುವುದಿಲ್ಲ ಅಂತ. ಮಹಾ ಕಾರ್ಯದರ್ಶಿ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ. ಜೊತೆಗೆ 40 ಕೋಟಿ ಡಾಲರಿನ ಯೋಜನೆಯೊಂದನ್ನು ಮುಂದಿಟ್ಟರು. ಕೂಡಿದ್ದು ಅದರಲ್ಲಿ ಒಂದು ಚೂರು ಮಾತ್ರ.

180 ರೂಪಾಯಿಗೆ ಬಿಲ್ ಬೇಕು. 10 ಸಾವಿರ ಜೀವಕ್ಕೆ ಲೆಕ್ಕ ಕೇಳುವಂತಿಲ್ಲ.

ದುಡ್ಡು ಕೊಟ್ಟವರು ಲೆಕ್ಕ ಕೇಳಬಾರದಾ, ಇಲ್ಲಿ ತಿನ್ನುವವರಿಲ್ವಾ ಅಂತ ಕೆಲವರು ಹೇಳುತ್ತೀರಿ. ಇದ್ದಾರೆ. ನಾನೇ ಇಬ್ಬರನ್ನು ಹಿಡಿದು ಕೊಟ್ಟಿದ್ದೇನೆ. ಕೇಳಲಿ, ಪೈಸೆ ಪೈಸೆ ಕೇಳಲಿ. ಆದರೆ ನಾವೂ ಕೇಳಬೇಕು. 2016ರಲ್ಲಿ ಇಸ್ತಾಂಬುಲ್‌ನಲ್ಲಿ ದೊಡ್ಡ ದೊಡ್ಡ ದಾನಿಗಳೆಲ್ಲ ಸೇರಿ ಒಂದು ಮಾತು ಕೊಟ್ಟರು: ಯುದ್ಧ, ವಿಪತ್ತಿನಲ್ಲಿ ನೊಂದವರಿಗೆ ಕೊಡುವ ನೆರವಿನ ದುಡ್ಡಿನಲ್ಲಿ ಶೇ. 25ರಷ್ಟು 2020ರ ಹೊತ್ತಿಗೆ ಆಯಾ ದೇಶದ, ಊರಿನ ಸಂಸ್ಥೆಗಳಿಗೆ, ಆದಷ್ಟು ನೇರವಾಗಿ ಹೋಗುತ್ತದೆ ಅಂತ. ನೇರವಾಗಿ ಹೋದದ್ದು ಅದರ ಹತ್ತಿರಕ್ಕೂ ಬರಲಿಲ್ಲ. ಇದಕ್ಕೆ ಯಾರನ್ನು ಕೂರಿಸಿ ಇಪ್ಪತ್ತು ನಿಮಿಷ ವಿಚಾರಿಸಿದರು?

ಒಂದು ಮಾತು ಒಪ್ಪಿಕೊಳ್ಳಬೇಕು. ಆರು ವರ್ಷದ ಹಿಂದೆ ಇದೇ ಅಕ್ಕನ 340 ರೂಪಾಯಿಯ ಆಟೋ ವೋಚರನ್ನು ನಾನು ವಾಪಸ್ ಕಳಿಸಿದ್ದೆ. ಹೆರಿಗೆ ನೋವಿನಲ್ಲಿದ್ದ ಹುಡುಗಿಯನ್ನು ರಾತ್ರೋರಾತ್ರಿ ತಾಲೂಕು ಆಸ್ಪತ್ರೆಗೆ ಸೇರಿಸಿದ ಆಟೋ ಅದು. ರಸೀದಿ ಇರಲಿಲ್ಲ. ಅಕ್ಕ ಏನೂ ಹೇಳದೆ ಕೈಯಿಂದ ಹಾಕಿಕೊಂಡರು. ನಿಯಮ ಮಾಡಿದ್ದು ನಾನಲ್ಲ. ಕೆಂಪು ಶಾಯಿಯ ಗೀಟು ಮಾತ್ರ ನನ್ನದೇ.

ಇವತ್ತು ಮೀಟಿಂಗ್ ಮುಗಿದ ಮೇಲೆ ಅಕ್ಕ ಪರ್ಸ್ ತೆಗೆದು 180 ರೂಪಾಯಿ ಮೇಜಿನ ಮೇಲಿಟ್ಟರು. ನಾನು ಮುಟ್ಟಲಿಲ್ಲ. ನಾಳೆ ಬೆಳಿಗ್ಗೆ ಆ ವೋಚರನ್ನು ಅವರ ಸಹಿಯೊಂದರ ಮೇಲೆಯೇ ಪಾಸ್ ಮಾಡುತ್ತೇನೆ. ಯಾಕೆ ಅಂತ ಆ ಕಡೆಗೆ ಪತ್ರವನ್ನೂ ಬರೆಯುತ್ತೇನೆ. ಕಳೆದ ಮಾರ್ಚಿನಲ್ಲಿ ನಮ್ಮ ಬಜೆಟ್ಟಿನಲ್ಲೇ ಒಬ್ಬ ಕನ್ಸಲ್ಟೆಂಟ್ ಮೂರು ದಿನ ಬಂದು ಹೋದರು. ಅವರಿಗೆ ಕೊಟ್ಟದ್ದು ಎಷ್ಟು ಅಂತ ಅದೇ ಪತ್ರದಲ್ಲಿ ಕೇಳುತ್ತೇನೆ.